ಆಕಾಶದ ಕಲ್ಲು, ನೆಲದ ಸಾಕ್ಷ್ಯ: ಉಲ್ಕಾಶಿಲಾ ಸಂಗ್ರಹ ಮತ್ತು ಹಾಸನ ಸೀಮೆ

ಉಲ್ಕಾಶಿಲೆಗಳ ಸಂಗ್ರಹವನ್ನು ಭೂವಿಜ್ಞಾನದ ವಿಷಯವೆಂದೇ ಪರಿಗಣಿಸುವುದು ವಾಡಿಕೆ. ಆದರೆ ಅದರ ಇತಿಹಾಸವನ್ನು ಪರಿಶೀಲಿಸಿದರೆ ಕಲ್ಲಿಗಿಂತ ಮೊದಲು ಅದು ಬಿದ್ದುದನ್ನು ಕಂಡವರ ಮಾತು ಎದುರಾಗುತ್ತದೆ. ಈ ದೃಷ್ಟಿಯಿಂದ ಉಲ್ಕಾಶಿಲಾ ಸಂಗ್ರಹವು ಮೌಖಿಕ ಪರಂಪರೆಯ ಅಧ್ಯಯನಕ್ಕೂ ಸಂಬಂಧಿಸಿದ್ದಾಗಿದೆ.

ಭಾರತೀಯ ಪರಂಪರೆ ಆಕಾಶದಿಂದ ಬೀಳುವ ವಸ್ತುಗಳನ್ನು ಬಹು ಹಿಂದೆಯೇ ವರ್ಗೀಕರಿಸಿತ್ತು. ವರಾಹಮಿಹಿರನ ‘ಬೃಹತ್ಸಂಹಿತೆ’ ಧಿಷ್ಣ್ಯಾ, ಉಲ್ಕಾ, ಅಶನಿ, ವಿದ್ಯುತ್, ತಾರಾ ಎಂಬ ಐದು ಬಗೆಗಳನ್ನು ಹೇಳುತ್ತದೆ. ಸಿಡಿಲನ್ನೂ ಉಲ್ಕೆಯನ್ನೂ ಒಂದೇ ಗುಂಪಿನಲ್ಲಿಡುವ ಈ ಕ್ರಮಕ್ಕೂ ಜನಪದರ ಲೋಕದೃಷ್ಟಿಗೂ ಸಾಮ್ಯವಿದೆ. ಯುರೋಪಿನಲ್ಲಾದರೋ 18ನೆಯ ಶತಮಾನದ ವಿದ್ವಾಂಸರು ಕಲ್ಲು ಆಕಾಶದಿಂದ ಬೀಳುತ್ತದೆಂಬ ರೈತರ ಹೇಳಿಕೆಯನ್ನು ನಂಬಲಿಲ್ಲ. 1768ರಲ್ಲಿ ಫ್ರಾನ್ಸಿನ ಲೂಸೆಯಲ್ಲಿ ಬಿದ್ದ ಕಲ್ಲನ್ನು ಪರೀಕ್ಷಿಸಿದ ಲವಾಸಿಯೇ ಮೊದಲಾದವರು, ಅದು ಸಿಡಿಲು ತಾಕಿದ ನೆಲದ ಕಲ್ಲೇ ಎಂದು ತೀರ್ಮಾನಿಸಿದರು.

ಈ ಅಭಿಪ್ರಾಯವನ್ನು ಬದಲಿಸಿದ ಘಟನೆಗಳಲ್ಲಿ ಒಂದು ನಡೆದುದು ಭಾರತದಲ್ಲಿ. 1798ರ ಡಿಸೆಂಬರ್ 19ರ ರಾತ್ರಿ ಬನಾರಸ್ ಬಳಿಯ ಗ್ರಾಮದಲ್ಲಿ ಕಲ್ಲುಗಳು ಬಿದ್ದವು. ಸ್ಥಳೀಯರ ಹೇಳಿಕೆಗಳೊಂದಿಗೆ ಅವು ಲಂಡನ್ನಿಗೆ ತಲುಪಿದವು. 1802ರಲ್ಲಿ ಎಡ್ವರ್ಡ್ ಹೋವರ್ಡ್ ಬನಾರಸಿನ ಕಲ್ಲನ್ನೂ ಯುರೋಪಿನಲ್ಲಿ ಬಿದ್ದ ಕಲ್ಲುಗಳನ್ನೂ ವಿಶ್ಲೇಷಿಸಿ, ಅವುಗಳ ಲೋಹಾಂಶದಲ್ಲಿ ನಿಕ್ಕಲ್ ಇರುವುದನ್ನು ತೋರಿಸಿದನು. 1803ರಲ್ಲಿ ಫ್ರಾನ್ಸಿನ ಲೇಗ್ಲ್ ಪ್ರದೇಶದಲ್ಲಿ ಬಿಯೋ ಎಂಬ ವಿಜ್ಞಾನಿ ಊರೂರು ಸುತ್ತಿ ಜನರ ಮಾತನ್ನು ದಾಖಲಿಸಿದನು. ಇಂದಿನ ಜಾನಪದ ಕ್ಷೇತ್ರಕಾರ್ಯಕ್ಕೆ ಹತ್ತಿರವಾದ ವಿಧಾನವೇ ಇದು.

ಕನ್ನಡ ನಾಡಿನಲ್ಲಿ 1865ರ ಸೆಪ್ಟೆಂಬರ್ 21ರಂದು ಮದ್ದೂರಿನಲ್ಲಿಯೂ 1866ರ ಏಪ್ರಿಲ್‌ನಲ್ಲಿ ಉಡುಪಿಯಲ್ಲಿಯೂ ಉಲ್ಕಾಶಿಲೆಗಳು ಬಿದ್ದವು. ಇವೆರಡೂ ಕಾಂಡ್ರೈಟ್ ವರ್ಗಕ್ಕೆ ಸೇರಿದವು. ಉಲ್ಕಾಶಿಲೆಗೆ ಅದು ಬಿದ್ದ ಸ್ಥಳದ ಹೆಸರನ್ನೇ ಇಡುವುದು ನಿಯಮ. ಆದರೆ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಇಂದಿಗೂ ಇವುಗಳ ಹೆಸರು ‘ಮುದ್ದೂರ್’, ‘ಉಡಿಪಿ’ ಎಂದೇ ಇದೆ. ಊರಿನ ಹೆಸರು ಪರರ ಕಿವಿಗೆ ಕೇಳಿದಂತೆ ಉಳಿಯಿತು. ಕಂಡವರ ಹೆಸರುಗಳಿಗೆ ಆ ಪಟ್ಟಿಯಲ್ಲಿ ಸ್ಥಾನವಿಲ್ಲ.

ವಿಶ್ವವಿದ್ಯಾಲಯದ ಸಂಗ್ರಹ ಮತ್ತು ಜನಸಂಪರ್ಕ ಒಂದುಗೂಡಿದುದಕ್ಕೆ ಅಮೆರಿಕದ ಹಾರ್ವೆ ನಿನಿಂಜರ್ ಉತ್ತಮ ನಿದರ್ಶನ. 1923ರಲ್ಲಿ ಉರಿಯುವ ಉಲ್ಕೆಯೊಂದನ್ನು ಕಂಡ ಈ ಅಧ್ಯಾಪಕರು ಶಾಲೆಗಳಲ್ಲಿ ಉಪನ್ಯಾಸ ನೀಡಿ, ಉಳುವಾಗ ಸಿಕ್ಕ ವಿಚಿತ್ರ ಕಲ್ಲುಗಳನ್ನು ತರುವಂತೆ ರೈತರನ್ನು ಕೋರಿದರು. ಅವರ ಸಂಗ್ರಹದ ಬಹುಭಾಗವನ್ನು 1960ರಲ್ಲಿ ಅರಿಝೋನ ಸ್ಟೇಟ್ ವಿಶ್ವವಿದ್ಯಾಲಯ ಪಡೆಯಿತು.

ಹಾಸನ ಜಿಲ್ಲೆಯಲ್ಲಿ ಇಂತಹ ಜನಸಂಪರ್ಕಕ್ಕೆ ವಿಶೇಷ ಎಚ್ಚರ ಅಗತ್ಯ. ಕಾಂತಕ್ಕೆ ಅಂಟುವ ಕಪ್ಪು, ಭಾರದ ಕಲ್ಲೆಲ್ಲ ಉಲ್ಕೆಯೆಂದು ಇಲ್ಲಿ ಹೇಳುವಂತಿಲ್ಲ. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿ ಶಿಲಾಪಟ್ಟಿಯಲ್ಲಿ ಕ್ರೋಮೈಟಿನೊಂದಿಗೆ ಮ್ಯಾಗ್ನೆಟೈಟ್ ಅದಿರೂ ಇದೆ. ಮೆರುಗಿಲ್ಲದ ಪಿಂಗಾಣಿಯ ಮೇಲೆ ಉಜ್ಜಿದರೆ ಮ್ಯಾಗ್ನೆಟೈಟ್ ಕಪ್ಪು ಗೆರೆ ಬಿಡುತ್ತದೆ. ಉಲ್ಕಾಶಿಲೆ ಸಾಮಾನ್ಯವಾಗಿ ಗೆರೆ ಬಿಡುವುದಿಲ್ಲ. ತೆಳುವಾದ ಸುಟ್ಟ ಹೊರಪದರ, ಒಳಗೆ ಮಿನುಗುವ ಲೋಹದ ಕಣಗಳು, ಕೊನೆಗೆ ನಿಕ್ಕಲಿನ ಪರೀಕ್ಷೆ, ಇವು ನಿರ್ಣಾಯಕ.

ಕಲ್ಲನ್ನು ಗುರುತಿಸುವ ವಿವೇಕ ಈ ಸೀಮೆಗೆ ಹೊಸದಲ್ಲ. ಬಳಪದ ಕಲ್ಲಿನ ಗುಣವನ್ನರಿತ ಶಿಲ್ಪಿಗಳು 1246ರಲ್ಲಿ ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ದೇವಾಲಯವನ್ನು ಕಟ್ಟಿದರು. ಹೊಳೆನರಸೀಪುರದ ಶಿಲಾಪಟ್ಟಿ ಭೂವಿಜ್ಞಾನಿಗಳಿಗೆ ಸುಪರಿಚಿತ. ಹಾಸನ ತಾಲ್ಲೂಕಿನ ಗೊರೂರಿನ ನೈಸ್ ಶಿಲೆಗೆ ಸುಮಾರು 330 ಕೋಟಿ ವರ್ಷ; ಕಾಂಡ್ರೈಟುಗಳಿಗೆ ಸುಮಾರು 456 ಕೋಟಿ ವರ್ಷ. ಗೊರೂರಿನ ಬಂಡೆಯನ್ನು ದಿನವೂ ಕಾಣುವ ವಿದ್ಯಾರ್ಥಿಗೆ ಈ ಹೋಲಿಕೆಯಿಂದ ಕಾಲದ ಪ್ರಮಾಣ ಮನದಟ್ಟಾಗುತ್ತದೆ. ಅರಕಲಗೂಡಿನ ರಾಗಿ, ಹೊಗೆಸೊಪ್ಪಿನ ಹೊಲಗಳನ್ನು ಉಳುವವರಿಗಿಂತ ತಮ್ಮ ನೆಲದ ಕಲ್ಲನ್ನು ಬಲ್ಲವರಿಲ್ಲ. ಹೊರಗಿನಿಂದ ಬಂದ ಕಲ್ಲು ಮೊದಲು ಕಾಣುವುದೂ ಅವರಿಗೇ.

ಪೂಜೆಯ ಪ್ರಶ್ನೆಯೂ ಮುಖ್ಯವಾದುದು. 1880ರಲ್ಲಿ ಬಿಹಾರದ ಅಂಧಾರದಲ್ಲಿ ಬಿದ್ದ ಕಲ್ಲಿಗೆ ಜನ ಗುಡಿ ಕಟ್ಟಿ ಪೂಜಿಸಿದರು. ಎಣ್ಣೆ, ನೀರುಗಳ ಸೋಂಕಿನಿಂದ ಶಿಲೆಯ ಲೋಹಾಂಶ ಕೆಡುತ್ತದೆಂಬುದು ನಿಜ. ಹಾಗೆಂದು ಭಕ್ತಿಯನ್ನು ಅಜ್ಞಾನವೆಂದು ತಳ್ಳಿದರೆ ಕಲ್ಲೂ ಕೈಸೇರದು, ಮಾತೂ ದೊರೆಯದು. ಭಾರತದ ಉಲ್ಕಾಶಿಲೆಗಳ ಪಾಲನೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯದು. ಕಲ್ಲು ಅಲ್ಲಿಗೆ ಹೋದಾಗ ಊರಿಗೆ ಅದರ ಪ್ರತಿಕೃತಿಯೂ ವಿವರವೂ ಮರಳಬೇಕು. ವಿಶ್ವವಿದ್ಯಾಲಯಗಳು ತೂಕ, ವರ್ಗಗಳ ಜೊತೆಗೆ ಕಂಡವರ ಹೆಸರು, ಬಿದ್ದ ಹೊಲ, ಕೇಳಿದ ಸದ್ದು, ಆ ಸದ್ದಿಗೆ ಜನ ಬಳಸಿದ ಪದ ಇವನ್ನೂ ಬರೆದಿಡಬೇಕು. ಕಲ್ಲನ್ನು ನೂರು ವರ್ಷಗಳ ನಂತರವೂ ಮತ್ತೆ ಪರೀಕ್ಷಿಸಬಹುದು. ಕಂಡವರ ಮಾತನ್ನು ಅವರು ಬದುಕಿರುವಾಗಲೇ ಕೇಳಬೇಕು.