ನಾಗಬನದ ಪಟ್ಟಾ ಯಾರ ಹೆಸರಿನಲ್ಲಿ?

ಪುತ್ತೂರಿನಿಂದ ಸುಳ್ಯಕ್ಕೋ ಕಡಬಕ್ಕೋ ಬಸ್ಸಿನಲ್ಲಿ ಹೊರಟವರಿಗೆ ದಾರಿಯುದ್ದಕ್ಕೂ ಹಸುರಿಗೇನೂ ಕೊರತೆಯಿಲ್ಲ. ಆದರೆ ಆ ಹಸುರೆಲ್ಲ ಒಂದೇ ಜಾತಿಯದಲ್ಲ. ತಗ್ಗಿನಲ್ಲಿ ಕಂಗಿನ ತೋಟ, ಅದರ ಮೇಲಿನ ಇಳಿಜಾರಿನಲ್ಲಿ ರಬ್ಬರು, ಮುರಕಲ್ಲಿನ ಗುಡ್ಡೆಯಲ್ಲಿ ಗೇರು. ಮೂರೂ ಮನುಷ್ಯನ ಕೈ ನೆಟ್ಟವು. ಇವುಗಳ ನಡುವೆ ಎಲ್ಲೋ ಒಂದು ಹಳೆಯ ಮನೆಯ ಬದಿಯಲ್ಲಿ, ಗದ್ದೆಯ ಅಂಚಿನಲ್ಲಿ, ಯಾರೂ ನೆಡದ ಮರಗಳ ಒಂದು ಕಪ್ಪು ತುಣುಕು ಕಾಣಿಸುತ್ತದೆ. ಅಳೆದರೆ ಕೆಲವು ಸೆಂಟ್ಸು ಜಾಗ, ಹೆಚ್ಚೆಂದರೆ ಅರ್ಧ ಎಕರೆ. ಅದು ಆ ಮನೆಯವರ ನಾಗಬನ. ಒಂದಾನೊಂದು ಕಾಲದಲ್ಲಿ ಈ ಸೀಮೆಯ ಗುಡ್ಡೆಗಳೆಲ್ಲ ಯಾವ ಬಗೆಯ ಕಾಡಿನಿಂದ ಮುಚ್ಚಿದ್ದವೆಂದು ತಿಳಿಯಬೇಕಾದರೆ ತಗ್ಗಿನ ಊರುಗಳಲ್ಲಿ ಈಗ ಉಳಿದಿರುವ ಸಾಕ್ಷಿ ಬಹುಮಟ್ಟಿಗೆ ಇಷ್ಟೇ.

ಚೆನ್ನಾಗಿ ಉಳಿದ ಬನದೊಳಗೆ ಕಾಲಿಟ್ಟರೆ ಮೊದಲು ಅನುಭವಕ್ಕೆ ಬರುವುದು ತಂಪು. ಆಮೇಲೆ ಕಾಲಡಿಯ ಮೆತ್ತೆ. ವರ್ಷಗಟ್ಟಲೆ ಗುಡಿಸದ ತರಗೆಲೆ ಅಲ್ಲಿ ಕೊಳೆತು ಮಣ್ಣಾಗುತ್ತಿರುತ್ತದೆ. ಬಿಳಿ ಧೂಪ, ಕಿರಾಲ್‌ಬೋಗಿ, ರೆಂಜೆ, ಹಾಲೆ, ಕಾಸರಕ, ಬೈನೆ - ಒಂದರ ಮೇಲೊಂದು ಅಂತಸ್ತಾಗಿ ನಿಂತಿರುತ್ತವೆ. ತೊಡೆಗಾತ್ರದ ಬಳ್ಳಿಗಳು ಒಂದು ಮರದಿಂದ ಮತ್ತೊಂದಕ್ಕೆ ಹಾಯ್ದಿರುತ್ತವೆ. ನಡುವೆ ನಾಲ್ಕಾರು ನಾಗನಕಲ್ಲುಗಳು, ಕೆಲವೆಡೆ ಒಂದು ಹುತ್ತ. ಗೋಡೆಯಿಲ್ಲ, ಮಾಡಿಲ್ಲ. ವರ್ಷಕ್ಕೊಮ್ಮೆ ನಾಗರಪಂಚಮಿಯಂದು ಮನೆಯವರು ಬಂದು ಹಾಲು, ಎಳನೀರಿನ ತನು ಎರೆಯುತ್ತಾರೆ. ಅನುಕೂಲವಾದಾಗ ತಂಬಿಲ ಮಾಡಿಸುತ್ತಾರೆ. ಉಳಿದ ದಿನಗಳಲ್ಲಿ ಮಕ್ಕಳು ಅತ್ತ ಸುಳಿಯುವಂತಿಲ್ಲ. ಕತ್ತಿ ಒಯ್ಯುವಂತಿಲ್ಲ, ಚಪ್ಪಲಿ ಮೆಟ್ಟುವಂತಿಲ್ಲ. ತಾನಾಗಿ ಬಿದ್ದ ಗೆಲ್ಲನ್ನೂ ಒಲೆಗೆ ಒಯ್ಯಬಾರದು.

ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿಯೂ ಇಂಥ ಸಣ್ಣ ಹಳೆಗಾಡುಗಳುಂಟು. ಹೊಲಗಳ ನಡುವೆ ನಾಲ್ಕೈದು ಎಕರೆಯಲ್ಲಿ ಓಕ್, ಆಶ್, ಹೇಜಲ್ ಮರಗಳು. ವಸಂತದಲ್ಲಿ ನೆಲ ತುಂಬ ನೀಲಿ ಹೂವು. 1600ನೆಯ ಇಸವಿಯಿಂದೀಚೆಗೆ ಎಡೆಬಿಡದೆ ಕಾಡಾಗಿಯೇ ಇರುವ ತುಣುಕುಗಳನ್ನು ಅವರು ‘ಪ್ರಾಚೀನ ವನ’ಗಳೆಂದು ಕರೆದು, 1981ರಿಂದ ಪಟ್ಟಿ ಮಾಡತೊಡಗಿದರು. ಆಲಿವರ್ ರ‍್ಯಾಕಮ್ ಎಂಬ ವಿದ್ವಾಂಸನು ಈ ವನಗಳ ಸುತ್ತಲಿನ ಮಣ್ಣಿನ ದಿಂಡು, ಹಳೆಯ ದಸ್ತಾವೇಜು, ಬುಡದಿಂದ ಕಡಿದು ಮತ್ತೆ ಚಿಗುರಿದ ಬೊಡ್ಡೆ ಇವುಗಳನ್ನು ಓದಿ ಒಂದೊಂದು ಕಾಡಿಗೂ ಚರಿತ್ರೆ ಬರೆಯಬಹುದೆಂದು ತೋರಿಸಿಕೊಟ್ಟನು. ಅವನ ಮಾತಿನ ಸಾರ ನಮಗೆ ಸ್ವಲ್ಪ ವಿಚಿತ್ರವಾಗಿ ಕಾಣಬಹುದು: ಆ ಕಾಡುಗಳು ಉಳಿದದ್ದು ಯಾರೂ ಮುಟ್ಟದೆ ಇದ್ದುದರಿಂದಲ್ಲ, ಬೇಕಾದವರು ಬಳಸುತ್ತಿದ್ದುದರಿಂದ. ಕೆಲವು ವರ್ಷಗಳಿಗೊಮ್ಮೆ ಸರದಿಯಂತೆ ಕಡಿದು ಕೋಲು, ಸೌದೆ ತೆಗೆಯುತ್ತಿದ್ದರು. ಬೊಡ್ಡೆ ಮತ್ತೆ ಚಿಗುರುತ್ತಿತ್ತು. ಆದಾಯ ತರುವ ಕಾಡನ್ನು ಯಾವ ಯಜಮಾನನೂ ಉತ್ತು ಹೊಲ ಮಾಡನು.

ಹಾಗಾದರೆ ಒಂದು ಕಾಸಿನ ಆದಾಯವೂ ಇಲ್ಲದ ನಮ್ಮ ಬನಗಳು ಉಳಿದದ್ದು ಹೇಗೆ? ನಾಗನ ಭಯದಿಂದ ಎಂದು ಥಟ್ಟನೆ ಹೇಳಿಬಿಡುತ್ತೇವೆ. ಅದು ಸುಳ್ಳಲ್ಲ, ಆದರೆ ಭಯವೊಂದನ್ನೇ ಹೇಳಿದರೆ ಚರಿತ್ರೆ ಅಲ್ಲಿಗೇ ನಿಂತುಹೋಗುತ್ತದೆ.

ಟಿಪ್ಪುವಿನ ಪತನದ ಬಳಿಕ ಕಂಪೆನಿಯ ಕಡೆಯಿಂದ ಈ ನಾಡನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ 1801ರಲ್ಲಿ ಕೆನರಾವನ್ನು ಹಾದುಹೋದನು. 1807ರಲ್ಲಿ ಅವನ ಪ್ರವಾಸಗ್ರಂಥ ಲಂಡನ್ನಿನಲ್ಲಿ ಅಚ್ಚಾಯಿತು. ಕೆನರಾದ ಉತ್ತರ ಭಾಗದ ಒಂದು ಕಡೆ ಅವನು ಬರೆದಿರುವ ಸಂಗತಿ ಮನನೀಯವಾದುದು. ಕಾಡು ಊರದೇವರ ಸ್ವತ್ತು, ಮರ ಕಡಿಯಬೇಕಾದರೆ ಊರ ಗೌಡನನ್ನು ಕೇಳಬೇಕು, ಆ ಗೌಡನೇ ದೇವರ ಪೂಜಾರಿಯೂ ಹೌದು, ಕೇಳದೆ ಕಡಿದರೆ ದೇವರ ಕೋಪ ತಟ್ಟುವುದು ಎಂದು ಜನ ಅವನಿಗೆ ಹೇಳಿದರು. ಇದನ್ನೆಲ್ಲ ದಾಖಲಿಸಿ ಕೊನೆಗೆ, ಸರಕಾರವು ಕಾಡಿನ ಮೇಲೆ ಹಕ್ಕು ಸಾಧಿಸದಂತೆ ಮಾಡಲು ಜನ ಹೂಡಿದ ಉಪಾಯ ಇದು ಎಂದು ತೀರ್ಪು ಕೊಟ್ಟನು.

ಬುಕಾನನನ ಈ ಮಾತನ್ನು ಓದಿ ಸಿಟ್ಟಾಗುವವರುಂಟು. ನನಗೆ ಅವನು ಅರ್ಧ ಸರಿ ಎಂದು ತೋರುತ್ತದೆ. ಭಕ್ತಿಯನ್ನು ಅವನು ಕಾಣಲಿಲ್ಲ. ಆದರೆ ಭಕ್ತಿಯೊಳಗೆ ಒಂದು ಒಡೆತನದ ಮಾತು ಅಡಗಿದೆಯೆಂಬುದನ್ನು ಕಂಡನು. ಬನವೆಂದರೆ ಯಾರಿಗೂ ಸೇರದ ಜಾಗವಲ್ಲ. ಅದಕ್ಕೆ ಒಡೆಯನುಂಟು, ಆ ಒಡೆಯನನ್ನು ಕಚೇರಿಗೆ ಕರೆಸಿ ಕಾಗದ ತೋರಿಸೆಂದು ಕೇಳುವಂತಿಲ್ಲ, ಅವನಿಂದ ಗೇಣಿ ಬರೆಸಿಕೊಳ್ಳುವಂತಿಲ್ಲ, ಅವನ ಪಾಲನ್ನು ಅಡವಿಡುವಂತಿಲ್ಲ. ಮನೆತನ ಒಡೆದರೂ ನಾಗ ಒಡೆಯುತ್ತಿರಲಿಲ್ಲ.

ಈ ಒಡೆತನದ ಬೆಲೆ ತಿಳಿಯಬೇಕಾದರೆ ಬನದ ಸುತ್ತಲಿನ ಗುಡ್ಡೆಯ ಪಾಡನ್ನು ನೋಡಬೇಕು. ಕರಾವಳಿಯ ಬೇಸಾಯ ನಿಂತಿರುವುದು ಸೊಪ್ಪಿನ ಮೇಲೆ. ಗುಡ್ಡೆಯಿಂದ ಸೊಪ್ಪು ತರಬೇಕು, ಹಟ್ಟಿಗೆ ಹಾಕಬೇಕು, ಅದು ಗೊಬ್ಬರವಾಗಿ ಗದ್ದೆಗೂ ಕಂಗಿನ ಬುಡಕ್ಕೂ ಹೋಗಬೇಕು. ಬ್ರಿಟಿಷ್ ಆಡಳಿತ ಇದನ್ನು ಒಪ್ಪಿಕೊಂಡೇ ‘ಕುಮ್ಕಿ’ ಎಂಬ ಸವಲತ್ತನ್ನು ಗಟ್ಟಿಮಾಡಿತು: ಹಳೆಯ ವರ್ಗ ಜಮೀನಿನ ಅಂಚಿನಿಂದ 100 ಗಜದೊಳಗಿನ ಸರಕಾರಿ ಜಾಗದಲ್ಲಿ ವರ್ಗದಾರನು ಸೊಪ್ಪು ಸವರಿಕೊಳ್ಳಬಹುದು, ಮನೆಯ ಮತ್ತು ಬೇಸಾಯದ ಉಪಯೋಗಕ್ಕೆ ಮರ ತೆಗೆದುಕೊಳ್ಳಬಹುದು. 1964ರ ಮೈಸೂರು ಭೂಕಂದಾಯ ಕಾನೂನು ಕೂಡ ದಕ್ಷಿಣ ಕನ್ನಡದ ಕುಮ್ಕಿ, ಬಾಣೆ, ಕಾನೆಗಳ ಸವಲತ್ತನ್ನು ಉಳಿಸಿಕೊಂಡಿತು. ಹೀಗೆ ತಲೆಮಾರುಗಟ್ಟಲೆ ಸೊಪ್ಪು ಸವರಿದ ಗುಡ್ಡೆಯಲ್ಲಿ ಮರ ಮೇಲೇಳುವುದು ಹೇಗೆ? ಕಾಡು ಕುರುಚಲಾಯಿತು, ಕುರುಚಲು ಮುಳಿಹುಲ್ಲಾಯಿತು. ಬನವೊಂದು ಮಾತ್ರ, ಕತ್ತಿಗೆ ಹೊರಗಾಗಿ, ಎತ್ತರವಾಗಿಯೇ ನಿಂತಿತು. ದೂರದಿಂದ ಅದು ಕಪ್ಪಾಗಿ ಕಾಣುವುದಕ್ಕೆ ಅದರ ಮರಗಳಷ್ಟೇ ಸುತ್ತಲಿನ ಬೋಳೂ ಕಾರಣ.

ಈ ಸೀಮೆಯ ಬನಗಳ ಚರಿತ್ರೆಯಲ್ಲಿ ಇನ್ನೊಂದು ತಿರುವುಂಟು. ಅದು ಅಷ್ಟಾಗಿ ಯಾರ ಗಮನಕ್ಕೂ ಬಂದಂತಿಲ್ಲ. 1834ಕ್ಕೆ ಮೊದಲು ಅಮರ ಸುಳ್ಯವೂ ಪುತ್ತೂರು ಸೀಮೆಯ ಕೆಲವು ಮಾಗಣೆಗಳೂ ಕೊಡಗಿನ ಹಾಲೇರಿ ಅರಸರಿಗೆ ಸೇರಿದ್ದವು. ಆ ವರ್ಷ ಕಂಪೆನಿಯು ಚಿಕ್ಕವೀರರಾಜನನ್ನು ಪದಚ್ಯುತಗೊಳಿಸಿ ಕೊಡಗನ್ನು ನುಂಗಿತು. ಘಟ್ಟದ ಕೆಳಗಿನ ಮಾಗಣೆಗಳನ್ನು ಕೆನರಾ ಜಿಲ್ಲೆಗೆ ಸೇರಿಸಿತು. ಅರಸನ ಕಾಲದಲ್ಲಿ ಧಾನ್ಯರೂಪವಾಗಿ ಕೊಡುತ್ತಿದ್ದ ಕಂದಾಯವನ್ನು ನಗದಾಗಿ ತೆರಬೇಕಾಯಿತು. 1837ರ ದಂಗೆಗೆ ಇದೂ ಒಂದು ಕಾರಣ. ಕೆದಂಬಾಡಿ ರಾಮಯ್ಯ ಗೌಡರ ಮುಂದಾಳುತನದಲ್ಲಿ ಸುಳ್ಯದ ಕಡೆಯ ರೈತರು ಬೆಳ್ಳಾರೆಯ ಖಜಾನೆಯನ್ನು ವಶಪಡಿಸಿಕೊಂಡು ಮಂಗಳೂರಿನವರೆಗೆ ನಡೆದುದನ್ನು ಓದುಗರು ಬಲ್ಲರು. ದಂಗೆ ಅಡಗಿತು, ಗಡಿ ಮಾತ್ರ ಹಾಗೆಯೇ ನಿಂತಿತು.

ಆ ಗಡಿಯಿಂದಾಗಿ ಒಂದೇ ಅರಸನ ಕೈಕೆಳಗಿದ್ದ ಕಾಡುಗಳು ಎರಡು ಬೇರೆ ಬೇರೆ ಲೆಕ್ಕದ ಪುಸ್ತಕಗಳಿಗೆ ಹೋದವು. ಘಟ್ಟದ ಮೇಲೆ ಕೊಡಗಿನಲ್ಲಿ ದೇವರಕಾಡುಗಳು ತಮ್ಮದೇ ಹೆಸರಿನಿಂದ ಸರಕಾರಿ ದಾಖಲೆಯನ್ನು ಸೇರಿದವು. ಅವುಗಳ ಸಂಖ್ಯೆ 1,214 ಎಂದು ಇಂದಿಗೂ ಲೆಕ್ಕ ಹೇಳುತ್ತಾರೆ. ಘಟ್ಟದ ಕೆಳಗೆ ಮದರಾಸು ಪ್ರಾಂತದ ಕ್ರಮ ಬೇರೆ. ನಾಗಬನಗಳು ಬಹುಮಟ್ಟಿಗೆ ಮನೆತನಗಳ ವರ್ಗ ಜಮೀನಿನೊಳಗೋ ಕುಮ್ಕಿಯೊಳಗೋ ಸೇರಿಹೋದವು. ಮೇಲೆ ದೇವರ ಹೆಸರಿಗೆ ಒಂದು ಸಾಲು. ಕೆಳಗೆ ಯಜಮಾನನ ಹೆಸರಿನ ಸಾಲಿನಲ್ಲಿ ದೇವರು ಅಡಕ.

ಪುಸ್ತಕದಲ್ಲಿ ಹೆಸರು ಬಂದದ್ದರಿಂದಲೇ ಕೊಡಗಿನ ದೇವರಕಾಡುಗಳು ಬದುಕಿಕೊಂಡವೆನ್ನುವಂತಿಲ್ಲ. 1905ರಲ್ಲಿ ಸುಮಾರು 6,277 ಹೆಕ್ಟೇರ್ ಇದ್ದ ಅವು 1985ರ ಹೊತ್ತಿಗೆ ಸುಮಾರು 2,550 ಹೆಕ್ಟೇರಿಗೆ ಇಳಿದಿದ್ದವು. ಅರ್ಧಕ್ಕಿಂತ ಹೆಚ್ಚು ಭಾಗ ಕೈಬಿಟ್ಟಿತು. ಆದರೆ ಎಷ್ಟು ಹೋಯಿತೆಂದು ಹೇಳುವುದಕ್ಕಾದರೂ ಅಲ್ಲಿ ಒಂದು ಅಂಕಿಯಿದೆ. ಪುತ್ತೂರು, ಸುಳ್ಯಗಳ ಬನಗಳು ಹೋದರೆ ಕಳೆಯುವ ಲೆಕ್ಕವೂ ಇಲ್ಲ, ಏಕೆಂದರೆ ಕೂಡಿಸಿದ ಲೆಕ್ಕವಿರಲಿಲ್ಲ. ಇಂಗ್ಲೆಂಡಿನವರ ಪಟ್ಟಿಗೂ ಈ ದೋಷ ತಪ್ಪಿದ್ದಲ್ಲ. ಎರಡು ಹೆಕ್ಟೇರಿಗಿಂತ, ಎಂದರೆ ಸುಮಾರು ಐದು ಎಕರೆಗಿಂತ ಸಣ್ಣ ವನಗಳನ್ನು ಅವರು ಮೊದಲ ಸಲ ಬಿಟ್ಟುಬಿಟ್ಟಿದ್ದರು. ಆ ಅಳತೆಗೋಲನ್ನು ಹಿಡಿದು ನಮ್ಮಲ್ಲಿಗೆ ಬಂದರೆ ಒಂದು ನಾಗಬನವೂ ಕಣ್ಣಿಗೆ ಬೀಳಲಾರದು.

ದೊಡ್ಡ ಕಾಡಿನ ಕಥೆ ಬೇರೆ. 1856ರಲ್ಲಿ ಮದರಾಸಿನ ಅರಣ್ಯಾಧಿಕಾರಿಯಾದ ಹ್ಯೂ ಕ್ಲೆಗ್‌ಹಾರ್ನ್ ಕೆನರಾದ ಕುಮೇರಿ ಬೇಸಾಯದ ಮೇಲೆ ಕಣ್ಣಿಟ್ಟನು. 1882ರ ಮದರಾಸು ಅರಣ್ಯ ಕಾನೂನು ಸುಬ್ರಹ್ಮಣ್ಯದ ಕಡೆಯ ಘಟ್ಟದ ಕಾಡುಗಳಿಗೆ ಮೀಸಲು ಗಡಿ ಹಾಕಲು ದಾರಿ ಮಾಡಿತು. ಆ ಗಡಿಯ ಹೊರಗೆ ಕಂಗಿನ ತೋಟ ಘಟ್ಟದ ಬುಡದವರೆಗೂ ಏರಿತು. ಕಾಡನ್ನು ಕಡಿದು ತೋಟ ಎಬ್ಬಿಸುವವನ ಛಲವನ್ನೂ ಒಂಟಿತನವನ್ನೂ ತಿಳಿಯಬೇಕಾದವರು, ಪುತ್ತೂರಿನಲ್ಲಿ ಬಹುಕಾಲ ನೆಲೆಸಿದ್ದ ಶಿವರಾಮ ಕಾರಂತರ 1943ರ ‘ಬೆಟ್ಟದ ಜೀವ’ವನ್ನು ಓದಬೇಕು, ಗೋಪಾಲಯ್ಯನನ್ನು ಕಾಡಿನ ವೈರಿಯೆಂದು ಕರೆಯಲು ಯಾರಿಗೂ ನಾಲಗೆ ಬಾರದು. ಮುಂದೆ, 1964ರ ಭಾರತ-ಸಿಲೋನ್ ಒಪ್ಪಂದದ ಪ್ರಕಾರ ಹಿಂದಿರುಗಿದ ತಮಿಳು ಕಾರ್ಮಿಕರಿಗೆ ನೆಲೆ ಕೊಡಲು ಸುಳ್ಯ, ಪುತ್ತೂರಿನ ಅರಣ್ಯ ಭೂಮಿಯಲ್ಲಿ ಸರಕಾರವೇ ರಬ್ಬರು ತೋಟ ಎಬ್ಬಿಸಿತು. ಮನೆ ಕಳೆದುಕೊಂಡವರಿಗೆ ಮನೆಯಾಯಿತು, ಕಾಡು ಸಾಲುಮರವಾಯಿತು. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸುಲಭವಲ್ಲ.

ಬನಕ್ಕೆ ಬಂದ ಕುತ್ತು ಮಾತ್ರ ಅರಣ್ಯ ಇಲಾಖೆಯಿಂದ ಬಂದದ್ದಲ್ಲ, ಮನೆಯೊಳಗಿನಿಂದ ಬಂದದ್ದು. 1949ರ ಅಳಿಯಸಂತಾನ ಕಾನೂನು ಕೂಡುಕುಟುಂಬದ ಆಸ್ತಿಯನ್ನು ಪಾಲುಮಾಡಿಕೊಳ್ಳಲು ಅವಕಾಶ ಕೊಟ್ಟಿತು. 1974ರ ಭೂಸುಧಾರಣೆಯಿಂದ ಗೇಣಿದಾರನು ಭೂಮಿಯ ಒಡೆಯನಾದನು. ಎರಡೂ ನ್ಯಾಯವಾದ ಸುಧಾರಣೆಗಳೇ. ಅದರಲ್ಲೂ ಎರಡನೆಯದರಿಂದ ಬಡವನ ಬೆನ್ನು ನೆಟ್ಟಗಾಯಿತು. ಆದರೆ ಎಷ್ಟೋ ಕಡೆ ನಾಗ ಒಬ್ಬರದು, ನೆಲ ಇನ್ನೊಬ್ಬರದು ಎಂದಾಯಿತು. ಮನೆಯವರು ಬೊಂಬಾಯಿಗೋ ಬೆಂಗಳೂರಿಗೋ ಹೋದರು. ಬನ ಯಾರಿಗೂ ಬೇಡದ ಮೂಲೆಯಾಗಿ ಕೆಲವು ಕಾಲ ಸೊಂಪಾಗಿ ಬೆಳೆದುಕೊಂಡಿತು.

ಆಮೇಲೆ ಅವರು ಹಿಂದಿರುಗಿದರು. ಮನೆಯಲ್ಲಿ ಒಂದು ಮದುವೆ ಕೂಡಿಬರಲಿಲ್ಲ, ಮಗುವಿಗೆ ಚರ್ಮರೋಗ, ವ್ಯಾಪಾರದಲ್ಲಿ ನಷ್ಟ. ಪ್ರಶ್ನೆ ಇಡಿಸಿದಾಗ ಮೂಲನಾಗನ ಆರಾಧನೆ ನಿಂತಿದೆಯೆಂದು ತಿಳಿಯಿತು. ಕುಕ್ಕೆಗೆ ಹೋಗಿ ಆಶ್ಲೇಷಾಬಲಿ ಮಾಡಿಸಿ, ಆದಿಸುಬ್ರಹ್ಮಣ್ಯದ ಹುತ್ತದ ಮಣ್ಣನ್ನೇ ಪ್ರಸಾದವಾಗಿ ತೆಗೆದುಕೊಂಡು, ಅಜ್ಜಿಯ ಕಾಲದ ಹೆಸರು ಹಿಡಿದು ಊರೂರು ವಿಚಾರಿಸಿ ಬನವನ್ನು ಹುಡುಕಿದರು. ಈ ಹುಡುಕಾಟದಲ್ಲಿ ಎಷ್ಟೋ ಮನೆತನಗಳ ಮರೆತುಹೋದ ವಂಶಾವಳಿ ಮತ್ತೆ ಕೂಡಿಬಂದಿದೆ. ಚರಿತ್ರಕಾರನು ಇದಕ್ಕೆ ಋಣಿಯಾಗಿರಬೇಕು. ಹುಡುಕಿ ಸಿಕ್ಕಿದ ಮೇಲೆ ಜೀರ್ಣೋದ್ಧಾರ. ಬೇರು ಕಲ್ಲನ್ನು ಅಲುಗಿಸುತ್ತದೆಂದು ಮರ ಕಡಿದರು. ಕಟ್ಟೆ ಕಟ್ಟಿ ಸಿಮೆಂಟು ಹಾಸಿದರು. ಮೇಲೆ ಹೊಳಪಿನ ಕಲ್ಲು, ಸುತ್ತ ಕಬ್ಬಿಣದ ಬೇಲಿ. ಹಿಂದೆ ಕತ್ತಿ ಒಯ್ಯಬಾರದೆಂದ ಜಾಗಕ್ಕೆ ಗರಗಸವೇ ಹೋಯಿತು, ಅದೂ ಭಕ್ತಿಯ ಹೆಸರಿನಲ್ಲಿ. ನಾಗನಿಗೆ ಕಟ್ಟೆ ಸಿಕ್ಕಿತು. ಬನವಿಲ್ಲದ ನಾಗನನ್ನು ನಮ್ಮ ಹಿರಿಯರು ಕಲ್ಪಿಸಿಕೊಂಡಿರಲಿಲ್ಲ.

ಎಲ್ಲ ಕಡೆಯೂ ಹೀಗಾಗಿದೆಯೆಂದಲ್ಲ. ಕಲ್ಲಿಗಷ್ಟೇ ಸಣ್ಣ ಕಟ್ಟೆ ಮಾಡಿ ಮರಗಳನ್ನು ಬಿಟ್ಟವರಿದ್ದಾರೆ. ಹಾಳಾದ ಬನದಲ್ಲಿ ಅದೇ ಜಾತಿಯ ಸಸಿಗಳನ್ನು ನೆಟ್ಟವರೂ ಇದ್ದಾರೆ. ಆದರೆ ಕಾಡಿನ ಸಸಿ ನರ್ಸರಿಯ ಸಸಿಯಲ್ಲ. ಬಿಳಿ ಧೂಪದ ಕಾಯಿ ಮಳೆಗಾಲದ ಆರಂಭಕ್ಕೆ ಉದುರುತ್ತದೆ. ಅದರ ಬೀಜ ಕೂಡಿಟ್ಟರೆ ಉಳಿಯುವಂಥದಲ್ಲ. ಹಸಿ ತರಗೆಲೆಯ ಮೇಲೆ ಬಿದ್ದರೆ ಬೇಗನೆ ಮೊಳೆಯುತ್ತದೆ, ಒಣಗಿದರೆ ಸಾಯುತ್ತದೆ. ಬನದ ನೆಲವಿದ್ದಲ್ಲಿ ಆಟಿ ತಿಂಗಳಿಗೆ ತಾಯಿಮರದ ಬುಡದಲ್ಲಿ ಮೊಳಕೆಗಳ ಚಾಪೆಯೇ ಹಾಸಿರುತ್ತದೆ. ಕಟ್ಟೆಯ ಮೇಲೆ ಬಿದ್ದ ಕಾಯಿಗಳನ್ನು ಪಂಚಮಿಯ ಹಿಂದಿನ ದಿನ ಗುಡಿಸಿ ಆಚೆ ಹಾಕುತ್ತಾರೆ.