ಸೀತಾಳೆ ದಂಡೆ ಮತ್ತು ಅದರ ಮರ

ಮುಂಗಾರು ಕಾಲಿಡುವ ಹೊತ್ತಿಗೆ ಮೂಡಿಗೆರೆ, ಕಳಸದ ಕಾಫಿ ತೋಟಗಳಲ್ಲಿ ತಲೆಯೆತ್ತಿ ನಡೆಯಬೇಕು. ಹೆಬ್ಬಲಸು, ಅತ್ತಿ, ನಂದಿ ಮರಗಳ ಪಾಚಿ ಹಿಡಿದ ಕೊಂಬೆಗಳಿಂದ ನರಿಯ ಬಾಲದಂತೆ ಇಳಿಬಿದ್ದ ಹೂಗೊಂಚಲು ಆಗ ಕಣ್ಣಿಗೆ ಬೀಳುತ್ತದೆ. ಬಿಳಿಯ ಎಸಳು, ಅದರ ಮೇಲೆ ನೇರಳೆ ಚುಕ್ಕೆ. ಮಲೆನಾಡಿನವರಿಗೆ ಇದು ಸೀತಾಳೆ ದಂಡೆ. ಸಸ್ಯಶಾಸ್ತ್ರಜ್ಞರಿಗೆ ರಿಂಕೋಸ್ಟೈಲಿಸ್ ರೆಟ್ಯೂಸಾ ಎಂಬ ಆರ್ಕಿಡ್. ಅಸ್ಸಾಮಿನಲ್ಲಿ ಬಿಹು ಹಬ್ಬದಂದು ಹೆಣ್ಣುಮಕ್ಕಳು ಮುಡಿಯುವುದೂ ಇದನ್ನೇ.

ಈ ಹೂವಿನ ಚಿತ್ರಕ್ಕೆ ಮುನ್ನೂರು ವರ್ಷ ಮೀರಿದ ಇತಿಹಾಸವಿದೆ. ಮಲಬಾರಿನ ಡಚ್ ಅಧಿಕಾರಿ ಹೆಂಡ್ರಿಕ್ ವಾನ್ ರೀಡ್ ಸಿದ್ಧಪಡಿಸಿದ ‘ಹೊರ್ತೂಸ್ ಮಲಬಾರಿಕೂಸ್’ 1678ರಿಂದ 1693ರವರೆಗೆ 12 ಸಂಪುಟಗಳಲ್ಲಿ ಆಮ್‌ಸ್ಟರ್‌ಡ್ಯಾಂನಲ್ಲಿ ಅಚ್ಚಾಯಿತು. ಕೊನೆಯ ಸಂಪುಟದಲ್ಲಿ ಈ ಹೂವಿಗೆ ಕೊಟ್ಟ ಹೆಸರು ‘ಆಂಜಿಲಿ ಮರವರ’. ಆಂಜಿಲಿ ಎಂದರೆ ಮಲಯಾಳದಲ್ಲಿ ಹೆಬ್ಬಲಸು. ಹೂವಿನ ಹೆಸರಿನಲ್ಲೇ ಅದರ ಮರದ ವಿಳಾಸವಿತ್ತು. 1753ರಲ್ಲಿ ಲಿನೇಯಸ್ ಇದನ್ನು ‘ಎಪಿಡೆಂಡ್ರಮ್’, ಅಂದರೆ ಮರದ ಮೇಲಿನದು, ಎಂಬ ಗುಂಪಿಗೆ ಸೇರಿಸಿದ. ಯಾವ ಮರ ಎಂಬುದು ಬಿಟ್ಟುಹೋಯಿತು.

ಮುಂದೆ ರಾಬರ್ಟ್ ವೈಟ್ ಎಂಬ ವೈದ್ಯ 1838ರಿಂದ 1853ರವರೆಗೆ ಹೊರತಂದ ಸಸ್ಯಚಿತ್ರ ಸಂಪುಟಗಳಿಗೆ ರುಂಗಯ್ಯ, ಗೋವಿಂದು ಎಂಬ ನಮ್ಮವರೇ ಆರ್ಕಿಡ್‌ಗಳನ್ನೂ ಬರೆದುಕೊಟ್ಟರು. ಬರೆಯಲು ಗಿಡ ಕಲಾವಿದನ ಮೇಜಿಗೆ ಬರಬೇಕಿತ್ತು. ಕಿತ್ತು ಒಣಗಿಸಿದ ಮಾದರಿಯಲ್ಲಿ ಬಣ್ಣ ಉಳಿಯುತ್ತಿರಲಿಲ್ಲ. ಚಿಕ್ಕಮಗಳೂರು ಜಿಲ್ಲೆಯ ಸಸ್ಯಸಂಪತ್ತಿನ ಗ್ರಂಥ ಯೋಗನರಸಿಂಹನ್, ಸುಬ್ರಹ್ಮಣ್ಯಂ ಹಾಗೂ ರಾಜಿ ಅವರಿಂದ 1981ರಲ್ಲಿ ಬಂತು.

ಕಾಡಿನ ಕೆಳಗಿಡ ಸವರಿ ಕಾಫಿ ನೆಟ್ಟಾಗ ನೆರಳಿಗೆಂದು ಬಿಟ್ಟ ಹೆಮ್ಮರಗಳೇ ಆರ್ಕಿಡ್‌ಗಳನ್ನು ಉಳಿಸಿದವು. ಆದರೂ ಬಂದಳಿಕೆಯೆಂದು ತಿಳಿದು ಇವನ್ನು ಕಿತ್ತೆಸೆಯುವುದುಂಟು. ಅದು ತಪ್ಪು. ಬಂದಳಿಕೆ ಮರದ ರಸ ಹೀರುತ್ತದೆ. ಸೀತಾಳೆ ಮರದಲ್ಲಿ ಬರೀ ಬಿಡಾರ ಹೂಡುತ್ತದೆ. ಗಾಳಿಯಲ್ಲಿ ತೂಗುವ ಬೇರಿನ ಸ್ಪಂಜಿನಂಥ ಹೊದಿಕೆ ಮಳೆನೀರನ್ನು ಹಿಡಿದುಕೊಳ್ಳುತ್ತದೆ. ಧೂಳಿನಷ್ಟು ಸಣ್ಣ ಬೀಜದಲ್ಲಿ ಆಹಾರದ ಬುತ್ತಿಯಿಲ್ಲ. ಮೊಳೆಯಲು ಒಂದು ಬಗೆಯ ಶಿಲೀಂಧ್ರದ ನೆರವು ಬೇಕೆಂದು 1899ರಲ್ಲಿ ಫ್ರಾನ್ಸಿನ ನೊಯೆಲ್ ಬರ್ನಾರ್ ಕಂಡುಹಿಡಿದ. ಮೊಳೆತ ಸಸಿ ಹೂ ಬಿಡಲು ಹಲವು ವರ್ಷ ಹಿಡಿಯುತ್ತದೆ.

ಹೀಗಾಗಿ ಕ್ಯಾಮೆರಾ ಆರ್ಕಿಡ್‌ಗಳ ಪಾಲಿಗೆ ವರದಾನ. ಟೆಲಿ ಲೆನ್ಸ್ ಇದ್ದರೆ ಕೊಂಬೆಯ ಹೂವನ್ನು ನೆಲದಿಂದಲೇ ಹಿಡಿಯಬಹುದು. ಮುಳ್ಳಯ್ಯನಗಿರಿ, ಕುದುರೆಮುಖದ ಹುಲ್ಲುಗಾವಲುಗಳಲ್ಲಿ ಮಳೆಗಾಲಕ್ಕೆ ಅರಳುವ ಹ್ಯಾಬೆನೇರಿಯಾದಂಥ ನೆಲದ ಆರ್ಕಿಡ್‌ಗಳಿಗಾದರೆ ಜಿಗಣೆಗಳ ನಡುವೆ ಬಗ್ಗಿ ಕೂರಬೇಕು. ಪಕ್ಕದ ಸಸಿ ಕಾಲಡಿಗೆ ಸಿಗದಂತೆ ನೋಡಿಕೊಳ್ಳಬೇಕು. ಗುರುತು ಹಚ್ಚಲು ಹೂವಿನ ತುಟಿ, ಪಕ್ಕನೋಟ, ಎಲೆ ಎಲ್ಲವೂ ಬೇಕು. ಜೊತೆಗೆ ಆಶ್ರಯ ಕೊಟ್ಟ ಮರದ ತೊಗಟೆ, ಎಲೆಗಳದ್ದೂ ಒಂದು ಚಿತ್ರವಿರಬೇಕು. ಇದನ್ನು ಮರೆಯುವವರೇ ಹೆಚ್ಚು.

ಮರೆಯಬಾರದು. ಏಕೆಂದರೆ ಅನೇಕ ತೋಟಗಳಲ್ಲಿ ಹಳೆಯ ಕಾಡುಮರಗಳ ಜಾಗಕ್ಕೆ ಆಸ್ಟ್ರೇಲಿಯಾದ ಸಿಲ್ವರ್ ಓಕ್ ಬಂದಿದೆ. ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿಗೂ ಆಸರೆ, ಕಡಿದರೆ ಕಾಸು. ಬೆಳೆಗಾರನ ಲೆಕ್ಕ ಸುಳ್ಳಲ್ಲ. ಆದರೆ ಹೆಬ್ಬಲಸು ಉರುಳಿದರೆ ಅದರ ಮೇಲಿನ ಸೀತಾಳೆಯೂ ಉರುಳುತ್ತದೆ. ಆಮೇಲೆ ಉಳಿಯುವುದು ಹೂವಿನ ಚಿತ್ರವೊಂದೇ.