ಗೈಡು ಸೇರಿ ಇಷ್ಟು ರೂಪಾಯಿ

ಬೆಂಗಳೂರಿನಿಂದ ಹೊರಡುವ ಚಾರಣಗಳ ಜಾಹೀರಾತಿನಲ್ಲಿ ಒಂದು ಸಾಲು ತಪ್ಪದೇ ಇರುತ್ತೆ. ಬಸ್ಸು, ತಿಂಡಿ, ಮಧ್ಯಾಹ್ನದ ಊಟ, ಗೈಡು ಎಲ್ಲ ಸೇರಿ ತಲೆಗೆ ಇಷ್ಟು ರೂಪಾಯಿ. ಕರಾವಳಿ ಕಡೆಯ ಕುಮಾರಪರ್ವತವಾಗಲಿ, ಕೊಡಚಾದ್ರಿಯಾಗಲಿ, ನಮ್ಮ ಹನೂರು ಕಡೆಯ ನಾಗಮಲೆಯಾಗಲಿ, ಲೆಕ್ಕ ಒಂದೇ. ಚಿತ್ರಾನ್ನದ ಪಕ್ಕದಲ್ಲಿ ಗೈಡೂ ಒಂದು ಬಾಬ್ತು. ಹತ್ತಿ ಇಳಿದು ಬಂದಮೇಲೆ ಫೋಟೋದಲ್ಲಿ ನಾವಿರ್ತೀವಿ, ಮೋಡ ಇರುತ್ತೆ, ಅವನಿರಲ್ಲ. ಯಾಕಂದ್ರೆ ಫೋಟೋ ತೆಗೆದಿದ್ದೇ ಅವನು.

ಇದು ಹೊಸ ಸಂಗತಿಯೇನಲ್ಲ. ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳ ಬೆಟ್ಟಗಳಿಗೆ ಹೊರಗಿನವರು ಬಂದ ಇನ್ನೂರು ವರ್ಷಗಳ ಚರಿತ್ರೆಯನ್ನು ತಿರುವಿ ಹಾಕಿದರೆ ಅಲ್ಲೂ ಹೀಗೇ. ಹಿಂದೆ ನಡೆದವರ ಹೆಸರು ಪುಸ್ತಕದ ರಟ್ಟಿನ ಮೇಲಿದೆ. ಮುಂದೆ ನಡೆದವರು ಬಹುಪಾಲು ಸೋಲಿಗರು. ದಾರಿ ಗೊತ್ತಿರುವುದು ಅವರ ಪಾಲಿಗೆ ಒಮ್ಮೆ ಕೂಲಿಯಾಯಿತು, ಒಮ್ಮೆ ಅಪರಾಧವಾಯಿತು. ಕೊನೆಗೆ, ತೀರಾ ಇತ್ತೀಚೆಗೆ, ಹಕ್ಕಾಯಿತು. ಆ ಕಥೆಯನ್ನು ಇಲ್ಲಿ ಹೇಳಬೇಕು ಅಂತ.

ಮೊದಲು ಬೆಟ್ಟ ಎಂಥದ್ದು ನೋಡಿ. ಯಳಂದೂರಿನ ಬಯಲಲ್ಲಿ ನಿಂತರೆ ಬಿಳಿಗಿರಿರಂಗನ ಬೆಟ್ಟ ಗೋಡೆ ಎದ್ದ ಹಾಗೆ ಕಾಣುತ್ತೆ. ಬುಡದಲ್ಲಿ ಮುಳ್ಳುಕುರುಚಲು, ಸ್ವಲ್ಪ ಮೇಲಕ್ಕೆ ಎಲೆ ಉದುರುವ ಕಾಡು, ಇನ್ನೂ ಮೇಲಕ್ಕೆ ಹೋದರೆ ಹುಲ್ಲುಗಾವಲು. ಆ ಹುಲ್ಲುಗಾವಲಿನ ಮಡಿಕೆಗಳಲ್ಲಿ ನಿತ್ಯಹಸಿರು ಶೋಲಾ. ಅತಿ ಎತ್ತರದ ಶಿಖರ ಸುಮಾರು 1,800 ಮೀಟರು. ಸಮುದ್ರ ಎಲ್ಲೋ ದೂರದಲ್ಲಿದೆ, ಆದರೂ ಆ ಮಡಿಕೆಗಳ ಒಳಗೆ ಹೊಕ್ಕರೆ ಘಟ್ಟದ ಮೇಲಿನ ಮಳೆಕಾಡೇ. ಪಶ್ಚಿಮ ಘಟ್ಟವನ್ನೂ ಪೂರ್ವ ಘಟ್ಟವನ್ನೂ ಸೇರಿಸುವ ಸೇತುವೆ ಅಂತ ಇದನ್ನು ಕರೆಯುವುದು ಅದಕ್ಕೇ. ಪೂರ್ವಕ್ಕೆ, ಕಾವೇರಿಯ ಕಡೆಗೆ, ಮಾದಪ್ಪನ ಎಪ್ಪತ್ತೇಳು ಮಲೆ. ಎರಡೂ ಕಡೆ ಸೋಲಿಗರ ಪೋಡುಗಳು. ಬಿಳಿಗಿರಿ ರಂಗಪ್ಪ ಸೋಲಿಗರ ಹೆಣ್ಣು ಕುಸುಮಾಲೆಯನ್ನು ಮದುವೆಯಾದ ಅನ್ನುವುದು ಅವರ ಕಥೆ. ಹಾಗಾಗಿ ದೇವರು ಅವರಿಗೆ ಭಾವ. ನಾವು ಕೈಮುಗಿದು ನಿಲ್ಲುವ ಜಾಗದಲ್ಲಿ ಅವರು ನೆಂಟಸ್ತನ ಮಾತಾಡ್ತಾರೆ.

ಆಳಿದವರು ಮಾತ್ರ ಈ ಬೆಟ್ಟಗಳನ್ನು ತುಂಡು ತುಂಡು ಮಾಡಿ ಹಂಚಿಕೊಂಡಿದ್ದರು. ಯಳಂದೂರು 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಹೋಯಿತು. ಈಗಿನ ಹನೂರನ್ನೂ ಒಳಗೊಂಡಿದ್ದ ಕೊಳ್ಳೇಗಾಲ ತಾಲ್ಲೂಕು ಮದರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು, ಮೈಸೂರಿಗೆ ಸೇರಿದ್ದು 1956ರಲ್ಲಿ. ಚಾಮರಾಜನಗರದ ಕಡೆ ಮೈಸೂರು ಮಹಾರಾಜರದು. ಒಂದೇ ಆನೆದಾರಿಯಲ್ಲಿ ಬೆಳಿಗ್ಗೆ ಹೊರಟವನು ಸಂಜೆಯೊಳಗೆ ಮೂರು ಸರ್ಕಾರ ದಾಟಬಹುದಿತ್ತು. ಹೊರಗಿನಿಂದ ಬಂದವರಿಗೆ ಗಡಿ ಗೊತ್ತಿತ್ತು, ದಾರಿ ಗೊತ್ತಿರಲಿಲ್ಲ.

ಟಿಪ್ಪು ಬಿದ್ದ ಮರುವರ್ಷ, ಅಂದ್ರೆ 1800ರಲ್ಲಿ, ಕಂಪನಿ ಸರ್ಕಾರ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನನ್ನು ಗೆದ್ದ ಸೀಮೆಯ ವರದಿ ಬರೆಯಲು ಕಳಿಸಿತು. ಅವನು ಕೊಳ್ಳೇಗಾಲ, ಹನೂರು, ಕೌದಳ್ಳಿ ಮಾರ್ಗವಾಗಿ ಕಾವೇರಿಪುರದ ಘಟ್ಟ ಇಳಿದು ಹೋದ. ಆ ಹಾದಿಯಲ್ಲಿ ಸೋಲಿಗರ ಬಗ್ಗೆ, ಅವರ ಕೊತ್ತುಕಾಡು ಬೇಸಾಯದ ಬಗ್ಗೆ ಬರೆದುಕೊಂಡ. 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಅವನ ಪ್ರವಾಸಕಥನದಲ್ಲಿ ಅದು ಇದೆ. ಬುಕಾನನ್ನಿಗೆ ಬೇಕಾಗಿದ್ದು ಬೆಳೆ ಏನು, ಕಂದಾಯ ಎಷ್ಟು ಅನ್ನುವ ಲೆಕ್ಕ. ಕಾಡಿನೊಳಗಿನ ಜನ ಆ ಲೆಕ್ಕದ ಒಂದು ಕಲಮಿನ ಹಾಗೆ ಬಂದು ಹೋಗ್ತಾರೆ.

ದಾರಿ ತೋರಿಸುವ ಕೆಲಸಕ್ಕೆ ಸೋಲಿಗರನ್ನು ನಿಜವಾಗಿ ಹಚ್ಚಿದ್ದು ಆಮೇಲೆ, ಶಿಕಾರಿ ಕಾಲದಲ್ಲಿ. ಜಿ. ಪಿ. ಸ್ಯಾಂಡರ್ಸನ್ ಚಾಮರಾಜನಗರದ ಹತ್ತಿರ ಬೀಡುಬಿಟ್ಟು, 1874ರಲ್ಲಿ ಅಲ್ಲೇ ಖೆಡ್ಡಾ ಮಾಡಿ ಆನೆ ಹಿಂಡನ್ನು ಕೆಡವಿದ. 1878ರಲ್ಲಿ ಬಂದ ಅವನ ಪುಸ್ತಕ ಇಂದಿಗೂ ಕಾಡಿನ ಹುಚ್ಚಿರುವವರಿಗೆ ಪರಿಚಿತ. ಬಿಳಿಗಿರಿ ಬೆಟ್ಟದಲ್ಲಿ ಜಾಡು ಹಿಡಿಯುವುದರಲ್ಲಿ ಸೋಲಿಗರನ್ನು ಮೀರಿಸುವವರಿಲ್ಲ ಅನ್ನುವುದನ್ನು ಅವನೂ ಕಂಡಿದ್ದ. ಕಾಡಲ್ಲಿ ಮುಂದೆ ನಡೆಯುವುದು ಅಂದ್ರೆ ಸುಮ್ಮನೆ ಅಲ್ಲ ಸ್ವಾಮಿ. ಮುಂದಿನವನು ಥಟ್ಟನೆ ನಿಂತರೆ ಹಿಂದಿನವರೂ ನಿಲ್ಲಬೇಕು. ಲದ್ದಿ ಇನ್ನೂ ಬಿಸಿಯಿದೆಯಾ, ಗಾಳಿ ಯಾವ ಕಡೆಯಿಂದ ಬೀಸ್ತಿದೆ, ಬಿದಿರು ಮುರಿದದ್ದು ಎಷ್ಟು ದೂರದಲ್ಲಿ, ಮರಿ ಜೊತೆಗಿದೆಯಾ ಇಲ್ಲವಾ, ಇಷ್ಟನ್ನೂ ಅವನು ಒಂದು ಉಸಿರಿನಲ್ಲಿ ಲೆಕ್ಕ ಹಾಕ್ತಾನೆ. ಲೆಕ್ಕ ತಪ್ಪಿದರೆ ಮೊದಲು ಸಿಗುವವನೂ ಅವನೇ. ಹಿಂದಿರುವವನ ಕೈಯಲ್ಲಿ ಬಂದೂಕ, ಮುಂದಿರುವವನ ಕೈಯಲ್ಲಿ ಕತ್ತಿ.

ಹತ್ತೊಂಬತ್ತನೇ ಶತಮಾನದ ಕೊನೆಗೆ ಬೆಟ್ಟದ ಮೇಲೆ ಕಾಫಿ ಬಂತು. ಮೋರಿಸ್ ಎಂಬ ಸ್ಕಾಟ್ಲೆಂಡಿನ ಮನೆತನ ಅತ್ತಿಕಾನ್, ಹೊನ್ನಮೇಟಿ ತೋಟಗಳನ್ನು ಮಾಡಿತು. ಎರಡನೇ ತಲೆಮಾರಿನ ರಾಲ್ಫ್ ಮೋರಿಸ್ ಬೇಟೆಗಾರನೂ ಹೌದು, ನಿಸರ್ಗಪ್ರೇಮಿಯೂ ಹೌದು. ಮುಂಬೈನ ನಿಸರ್ಗ ಇತಿಹಾಸ ಸಂಘದ ಪತ್ರಿಕೆಗೆ ವರ್ಷಗಟ್ಟಲೆ ಟಿಪ್ಪಣಿ ಬರೆದ. ಸಲೀಂ ಅಲಿಯವರ 1939-40ರ ಮೈಸೂರು ಪಕ್ಷಿ ಸಮೀಕ್ಷೆಯೂ ಈ ಬೆಟ್ಟಕ್ಕೆ ಬಂತು.

ಮೋರಿಸನ ಮಗಳು ಮೋನಿಕಾ ಬೆಳೆದದ್ದು ಇದೇ ಬೆಟ್ಟದ ತೋಟದಲ್ಲಿ. ಮದುವೆಯಾಗಿ ಮೋನಿಕಾ ಜಾಕ್ಸನ್ ಆದ ಈಕೆ 1955ರಲ್ಲಿ ಎಲಿಜಬೆತ್ ಸ್ಟಾರ್ಕ್, ಎವೆಲಿನ್ ಕ್ಯಾಮ್ರಾಸ್ ಜೊತೆ ನೇಪಾಳದ ಜುಗಲ್ ಹಿಮಾಲಕ್ಕೆ ಹೋದರು. ಹೆಂಗಸರೇ ಕೂಡಿ ನಡೆಸಿದ ಮೊಟ್ಟಮೊದಲ ಹಿಮಾಲಯ ಪರ್ವತಾರೋಹಣ ಅದು. ಅಲ್ಲಿ ಯಾರೂ ಹತ್ತದ ಒಂದು ಶಿಖರ ಹತ್ತಿ ಅದಕ್ಕೆ ಗ್ಯಾಲ್ಗೆನ್ ಶಿಖರ ಅಂತ ಹೆಸರಿಟ್ಟರು. ಗ್ಯಾಲ್ಗೆನ್ ಯಾರು? ಅವರ ಮುಂದೆ ನಡೆದ ಶೆರ್ಪಾಗಳ ಮುಖ್ಯಸ್ಥ, ಮಿಂಗ್ಮಾ ಗ್ಯಾಲ್ಗೆನ್.

ಈ ವಿಷಯ ಓದಿದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಒಂಥರಾ ಆಗುತ್ತೆ. ನಮ್ಮ ಬೆಟ್ಟದ ಹುಡುಗಿ ದೂರದ ಹಿಮಾಲಯಕ್ಕೆ ಹೋಗಿ ದಾರಿ ತೋರಿದವನ ಹೆಸರನ್ನು ಬೆಟ್ಟದ ಮೇಲೆ ಬರೆದು ಬಂದಳು. ಅವಳು ನಡೆಯಲು ಕಲಿತ ಬೆಟ್ಟದಲ್ಲಿ ದಾರಿ ತೋರಿದವರು? ತೆನ್ಸಿಂಗ್ ಹೆಸರು ಕೊಳ್ಳೇಗಾಲದ ಶಾಲೆ ಮಕ್ಕಳಿಗೂ ಗೊತ್ತು. ಒಬ್ಬ ಸೋಲಿಗ ದಾರಿಗಾರನ ಹೆಸರು ಹೇಳಿ ಅಂದರೆ ಕೊಳ್ಳೇಗಾಲದ ದೊಡ್ಡವರೂ ಮುಖಮುಖ ನೋಡ್ತಾರೆ.

ಸ್ವಾತಂತ್ರ್ಯ ಬಂದು, ಶಿಕಾರಿ ನಿಂತು, 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. 1974ರಲ್ಲಿ ಬಿಳಿಗಿರಿ ಅಭಯಾರಣ್ಯವಾಯಿತು. ಬೇಟೆ ನಿಂತದ್ದು ಸರಿಯೇ. ಆದರೆ ಜೊತೆಗೆ ಕೊತ್ತುಕಾಡೂ ನಿಂತಿತು, ಒಳಗಿನ ಪೋಡುಗಳು ರಸ್ತೆ ಬದಿಗೆ ಬಂದವು. ತರಗು ಬೆಂಕಿಯೂ ನಿಂತಿತು. ತರಗು ಬೆಂಕಿ ಅಂದ್ರೆ ಬೇಸಿಗೆ ಬಲಿಯುವ ಮೊದಲೇ ನೆಲದ ಒಣಎಲೆಗೆ ಹಾಕುತ್ತಿದ್ದ ಸಣ್ಣ ಬೆಂಕಿ. ಅದು ಮರ ಸುಡುತ್ತಿರಲಿಲ್ಲ, ನೆಲ ಬಿಡಿಸುತ್ತಿತ್ತು. ಆ ಬೆಂಕಿ ನಿಂತ ಮೇಲೆ ನೆಲ್ಲಿಮರಕ್ಕೆ ಉಪ್ಪಿಲು ಎಂಬ ಬಂದಳಿಕೆ ಹತ್ತಿತು, ಕಾಡಿಗೆಲ್ಲ ಲಂಟಾನ ಹಬ್ಬಿತು ಅಂತ ಸೋಲಿಗರು ಹೇಳ್ತಾರೆ. ಅವರ ಮಾತನ್ನು ಈಗ ವಿಜ್ಞಾನಿಗಳೂ ಕಿವಿಗೊಟ್ಟು ಕೇಳಿ ಪರೀಕ್ಷೆ ಮಾಡಿದ್ದಾರೆ. ಕಾರಣ ಏನೇ ಇರಲಿ, ಆಳೆತ್ತರ ಮೀರಿದ ಲಂಟಾನದಲ್ಲಿ ಅಜ್ಜಂದಿರು ನಡೆದ ಎಷ್ಟೋ ಕಾಲುದಾರಿ ಮುಚ್ಚಿಹೋದದ್ದಂತೂ ಸತ್ಯ.

ಆಮೇಲೆ ಬಂದದ್ದು ವೀರಪ್ಪನ್ ಕಾಲ. ಹನೂರು, ಮಹದೇಶ್ವರ ಬೆಟ್ಟದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1991ರಲ್ಲಿ ಅರಣ್ಯಾಧಿಕಾರಿ ಶ್ರೀನಿವಾಸ್ ಕೊಲೆ, 1993ರಲ್ಲಿ ಪಾಲಾರ್ ಸ್ಫೋಟ, 2000ದಲ್ಲಿ ರಾಜಕುಮಾರ್ ಅಪಹರಣ. ಇವೆಲ್ಲ ಪೇಪರಿನ ಮೊದಲ ಪುಟದ ಸುದ್ದಿ. ಒಳಪುಟದಲ್ಲೂ ಸರಿಯಾಗಿ ಬಾರದ ಇನ್ನೊಂದು ಕಥೆ ಕಾಡಂಚಿನ ಜನರದ್ದು. ಪೊಲೀಸರಿಗೆ ದಾರಿ ತೋರಿದ ಅಂತ ಗೊತ್ತಾದರೆ ವೀರಪ್ಪನ್ ಬಿಡುತ್ತಿರಲಿಲ್ಲ. ವೀರಪ್ಪನ್‌ಗೆ ದಾರಿ ತೋರಿದ, ರಾಗಿ ಕೊಟ್ಟ ಅಂತ ಅನುಮಾನ ಬಂದರೆ ಕಾರ್ಯಪಡೆ ಬಿಡುತ್ತಿರಲಿಲ್ಲ. ಕಾಡು ಗೊತ್ತಿರುವುದೇ ತಪ್ಪಾಯಿತು. ಟಾಡಾ ಕಾಯ್ದೆಯಡಿ ಹಿಡಿದು ತಂದವರು ಮೈಸೂರು ಜೈಲಿನಲ್ಲಿ ವರ್ಷಗಟ್ಟಲೆ ಕೂತರು. 2001ರಲ್ಲಿ ನ್ಯಾಯಾಲಯ ಅವರಲ್ಲಿ ಬಹುಪಾಲು ಜನರನ್ನು ಖುಲಾಸೆ ಮಾಡಿತು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನೇಮಿಸಿದ ನ್ಯಾಯಮೂರ್ತಿ ಸದಾಶಿವ ಸಮಿತಿ ಎರಡೂ ರಾಜ್ಯಗಳ ಹಳ್ಳಿಗರ ಹೇಳಿಕೆ ಪಡೆಯಿತು. 2007ರಲ್ಲಿ ಆಯೋಗ 89 ಜನರಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರ ಕೊಡಿ ಅಂತ ಹೇಳಿತು. ಅಷ್ಟರಲ್ಲಿ ವೀರಪ್ಪನ್ ಸತ್ತು ಎರಡು ವರ್ಷ ದಾಟಿತ್ತು.

ಅದೇ ಹೊತ್ತಿಗೆ ಇನ್ನೊಂದು ಕೆಲಸ ಸದ್ದಿಲ್ಲದೆ ನಡೆಯುತ್ತಿತ್ತು. ಡಾ. ಸುದರ್ಶನ್ 1981ರಲ್ಲಿ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದ ಶಾಲೆಯಲ್ಲಿ ಓದಿದ ಸೋಲಿಗ ಮಕ್ಕಳು ಬೆಳೆದಿದ್ದರು, ಸೋಲಿಗರ ಸಂಘ ಗಟ್ಟಿಯಾಗಿತ್ತು. ಏಟ್ರೀ ಸಂಸ್ಥೆಯ ಸಂಶೋಧಕರೂ ಸೋಲಿಗರೂ ಕೂಡಿ ಕಾಡು ಸುತ್ತಿ ನಕ್ಷೆ ಬರೆದರು. ಸರ್ವೆ ಇಲಾಖೆಯ ನಕ್ಷೆ ಅಲ್ಲ ಇದು, ಸೋಲಿಗರದ್ದು. ಯಾವ ಕುಲದ ಯಲ್ಲೆ ಎಲ್ಲಿಂದ ಎಲ್ಲಿಗೆ, ಅದರೊಳಗೆ ದೇವರು ಎಲ್ಲಿ, ಮಾರಮ್ಮ ಎಲ್ಲಿ, ವೀರು ಎಲ್ಲಿ, ನೀರಿನ ಅಬ್ಬಿ ಎಲ್ಲಿ, ಹಿರಿಯರ ಸಮಾಧಿ ಎಲ್ಲಿ. ನಾನೂರಕ್ಕೂ ಹೆಚ್ಚು ಜಾಗ ಗುರುತಾದವು. ಮುಂದೆ ನಡೆದವರು ಸೋಲಿಗ ಹಿರಿಯರು, ಹಿಂದೆ ಜಿಪಿಎಸ್ ಹಿಡಿದವರು. ಈ ಸಲ ನಕ್ಷೆ ಮಾತ್ರ ಮುಂದೆ ನಡೆದವರ ಹೆಸರಿನಲ್ಲೇ ಉಳಿಯಿತು.

2011ರ ಜನವರಿಯಲ್ಲಿ ಬಿಳಿಗಿರಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಒಕ್ಕಲೆಬ್ಬಿಸ್ತಾರೆ ಅನ್ನೋ ಭಯ ಪೋಡು ಪೋಡಿಗೂ ಹಬ್ಬಿತು. ಆದರೆ ಅದೇ ವರ್ಷ, 2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ, 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕುಪತ್ರ ಸಿಕ್ಕಿತು. ಹುಲಿ ಕಾಡಿನೊಳಗೆ ಬುಡಕಟ್ಟು ಜನರ ಹಕ್ಕನ್ನು ಸರ್ಕಾರ ಹೀಗೆ ಒಪ್ಪಿದ್ದು ದೇಶದಲ್ಲೇ ಮೊದಲು. ಜೇನು, ನೆಲ್ಲಿ, ಪಾಚಿ ತರುವ ಹಕ್ಕು ಕಾಗದದ ಮೇಲೆ ಬಂದರೂ ಅದನ್ನು ನಡೆಸಿಕೊಳ್ಳಲು ಇವತ್ತಿಗೂ ಜಗ್ಗಾಟ ಇದ್ದೇ ಇದೆ. ಆದರೂ ಒಂದು ಮಾತು ದಾಖಲಾಯಿತಲ್ಲ: ಈ ದಾರಿ ಇವರಿಗೆ ಗೊತ್ತಿರುವುದು ಇವರು ಇಲ್ಲಿಯವರಾದ್ದರಿಂದ.

ಈಗ ನಮ್ಮ ಚಾರಣಕ್ಕೆ ಬರೋಣ. 2024ರ ಜನವರಿಯಲ್ಲಿ ಕುಮಾರಪರ್ವತದ ಬುಡದಲ್ಲಿ ಜಾತ್ರೆಯ ಹಾಗೆ ಜನ ಸೇರಿದ ವಿಡಿಯೋ ನೋಡಿರ್ತೀರಿ. ಸರ್ಕಾರ ಚಾರಣ ತಡೆದು, ಅದೇ ವರ್ಷ ಆನ್‌ಲೈನ್ ಬುಕಿಂಗ್ ತಂದಿತು. ಒಳ್ಳೆಯದೇ. ಆದರೆ ನಾಗಮಲೆಯ ಹಾದಿಯಲ್ಲಿ ಸಿಗುವ ಇಂಡಿಗನತ್ತ ಗ್ರಾಮವನ್ನೂ ನೆನೆಯಬೇಕು. ಅದೇ ವರ್ಷದ ಏಪ್ರಿಲ್‌ನಲ್ಲಿ, ರಸ್ತೆ, ನೀರು ಕೊಡದೆ ಓಟು ಕೇಳ್ತೀರಾ ಅಂತ ಶುರುವಾದ ಸಿಟ್ಟು ಮತಗಟ್ಟೆ ಒಡೆಯುವ ತನಕ ಹೋಗಿ, ಮರುಮತದಾನ ಮಾಡಬೇಕಾಯಿತು. ಒಡೆದದ್ದು ತಪ್ಪೇ. ಆದರೆ ನಾವು ದುಡ್ಡು ಕೊಟ್ಟು ಒಂದು ಭಾನುವಾರ ನಡೆದು ಸುಖಪಡುವ ಕಡಿದಾದ ದಾರಿಯೇ ಆ ಊರಿಗೆ ಆಸ್ಪತ್ರೆಯ ದಾರಿ, ಶಾಲೆಯ ದಾರಿ, ಸಂತೆಯ ದಾರಿ.

ಕೆಲವು ವರ್ಷದ ಹಿಂದೆ ವಿಜ್ಞಾನಿಗಳು ನಾಗಾಲ್ಯಾಂಡಿನಲ್ಲಿ ಸಿಕ್ಕ ಕಣಜದ ಒಂದು ಹೊಸ ಕುಲಕ್ಕೆ ಸೋಲಿಗರ ಗೌರವಾರ್ಥ 'ಸೋಲಿಗ' ಅಂತಲೇ ಹೆಸರಿಟ್ಟರು. ದೂರದ ಕಾಡಿನ ಹುಳುವಿಗೆ ಇವರ ಹೆಸರು ಬಂತು. ಹತ್ತಿರದ ನಮ್ಮ ಫೋಟೋಗಳ ಅಡಿಯಲ್ಲಿ ಇನ್ನೂ ಬಂದಿಲ್ಲ. ಮುಂದಿನ ಸಲ ಈ ಕಡೆ ಬಂದರೆ ಮುಂದೆ ನಡೆಯುವವರ ಹೆಸರು ಕೇಳಿ. ಅವರು ಒಪ್ಪಿದರೆ ಬರೆಯುವಾಗ ಹೆಸರು ಹಾಕಿ. ಯಾವ ಅಬ್ಬಿಗೆ ಏನಂತೀರಿ, ಯಾವ ಮರ ಯಾವ ಕುಲದ ದೇವರು ಅಂತ ಕೇಳಿ. ಅಬ್ಬಿಯ ಹತ್ತಿರ ಚಪ್ಪಲಿ ಬಿಡಿ ಅಂದರೆ ಬಿಡಿ. ಅಲ್ಲಿಂದ ಮುಂದೆ ಬೇಡ ಅಂದರೆ ವಾಪಸ್ ತಿರುಗಿ.